ಹಗ್ಗದಾಚೆ ನಿಂತ ಅಮ್ಮ

ಕ್ರಿಕೆಟ್ ಆಡುವ ಮಕ್ಕಳ ತಾಯಂದಿರು ಪುಣ್ಯವಂತರು. ಬೇಲಿಯಾಚೆ ನಿಂತು ಗಂಟಲು ಹರಿಯುವಂತೆ ಕೂಗಬಹುದು, ಅಂಪೈರನ್ನು ಬೈಯಬಹುದು, ಮಗ ಔಟಾದರೆ ಪಿಚ್ಚಿಗೆ ಶಾಪ ಹಾಕಬಹುದು. ಭರತನಾಟ್ಯದ ತಾಯಂದಿರಿಗಂತೂ ವೇದಿಕೆಯ ಪಕ್ಕದ ಪರದೆಯ ಹಿಂದೆ ಕಾಯಂ ಜಾಗವೇ ಇರುತ್ತದೆ. ಅಲ್ಲಿಂದಲೇ ಕಣ್ಣು ಹುಬ್ಬು ಕುಣಿಸಿ ಇಡೀ ವರ್ಣ ನಡೆಸಿಕೊಡುತ್ತಾರೆ. ನನ್ನ ಹಣೆಬರಹ ನೋಡಿ, ಮಗಳು ಗಾಲ್ಫ್ ಆಡುತ್ತಾಳೆ. ಬೆಳಕು ಹರಿಯುವ ಮುಂಚೆ ಎದ್ದು, ಉಪ್ಪಿಟ್ಟು ಕೆದಕಿ ಡಬ್ಬಿಗೆ ತುಂಬಿ, ವಿಜಯನಗರದಿಂದ ಊರಿನ ಇನ್ನೊಂದು ತುದಿಗೆ ಕರೆದುಕೊಂಡು ಹೋಗಿ, ಬಿಸಿಲಲ್ಲಿ ಮೈಲಿಗಟ್ಟಲೆ ನಡೆದು, ಕೊನೆಗೆ ನನ್ನ ಪಾಲಿಗೆ ಉಳಿಯುವ ಕೆಲಸ ಒಂದೇ. ಬಾಯಿ ಮುಚ್ಚಿಕೊಂಡಿರುವುದು. ನಮ್ಮ ವಂಶದಲ್ಲಿ ಈ ಕೆಲಸವನ್ನು ಹಿಂದೆ ಯಾರೂ ಮಾಡಿದ ದಾಖಲೆಯಿಲ್ಲ.

ನಮ್ಮಂಥವರ ಮನೆಗೆ ಗಾಲ್ಫ್ ಹೇಗೆ ಬಂತು ಎಂದು ನೀವು ಕೇಳುವುದು ಸಹಜ. ನೆಂಟರೂ ಅದನ್ನೇ ಕೇಳುತ್ತಾರೆ, ದನಿ ಮಾತ್ರ ಬೇರೆ. ಊರಿಗೇನೂ ಅದು ಹೊಸದಲ್ಲ. ಬೆಂಗಳೂರು ಗಾಲ್ಫ್ ಕ್ಲಬ್ ಹುಟ್ಟಿದ್ದು 1876ರಲ್ಲಿ. ಆದರೆ ನನಗೆ ಗೊತ್ತಿದ್ದ ಗಾಲ್ಫ್ ಎಂದರೆ ಹೈಗ್ರೌಂಡ್ಸ್ ಕಡೆ ಬಸ್ಸಿನಲ್ಲಿ ಹೋಗುವಾಗ ಕಾಂಪೌಂಡಿನಾಚೆ ಮಿಂಚಿ ಮರೆಯಾಗುತ್ತಿದ್ದ ಹಸಿರು. ಅದು ಬಿಟ್ಟರೆ ಹಳೆಯ ಸಿನಿಮಾಗಳ ನಾಯಕಿಯ ಅಪ್ಪ. ಬಡ ನಾಯಕನ ಮುಖಕ್ಕೆ ಚೆಕ್ಕು ಎಸೆಯುವ ಮುಂಚೆ ಆತ ಹುಲ್ಲಿನ ಮೇಲೆ ನಿಂತು ಒಂದು ಏಟು ಹೊಡೆಯುತ್ತಿದ್ದ. ಚೆಂಡು ಎಲ್ಲಿ ಬಿತ್ತು ಎಂದು ನಿರ್ದೇಶಕರೂ ತೋರಿಸುತ್ತಿರಲಿಲ್ಲ, ನಾವೂ ಕೇಳುತ್ತಿರಲಿಲ್ಲ.

ಈ ನೆಮ್ಮದಿ ಕೆಟ್ಟದ್ದು 2021ರ ಆಗಸ್ಟ್ 7ರ ಶನಿವಾರ. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ನಮ್ಮ ಬೆಂಗಳೂರಿನ ಹುಡುಗಿ ಅದಿತಿ ಅಶೋಕ್ ಮೂರು ಸುತ್ತು ಮುಗಿಸಿ ಎರಡನೆಯ ಸ್ಥಾನದಲ್ಲಿದ್ದಾಳೆ ಎಂಬ ಸುದ್ದಿ ಕೇಳಿ, ಪಾರ್ ಎಂದರೇನು ಎಂದು ಗೊತ್ತಿಲ್ಲದ ಇಡೀ ದೇಶ ಟಿ.ವಿ. ಮುಂದೆ ಕೂತಿತ್ತು. ನಮ್ಮ ಮನೆಯೂ ಕೂತಿತು. ಅರ್ಧ ಗಂಟೆ ಕಳೆಯುವಷ್ಟರಲ್ಲಿ ನಮ್ಮ ಯಜಮಾನರು "ಗ್ರೀನು ನಿಧಾನ ಇದೆ" ಎಂದರು. ಹಿಂದಿನ ರಾತ್ರಿಯವರೆಗೆ ಅವರ ಪಾಲಿಗೆ ಗ್ರೀನ್ ಎಂದರೆ ಸಿಗ್ನಲ್ಲು. ಆಟ ಮುಗಿಯಲು ಇನ್ನೇನು ಸ್ವಲ್ಪ ಇದೆ ಎನ್ನುವಾಗ ಗುಡುಗು ಮಳೆ ಬಂದು ನಿಂತುಹೋಯಿತು. ನಾಲ್ಕನೆಯ ಸುತ್ತು ಪೂರೈಸಲಾಗದಿದ್ದರೆ ಮೂರು ಸುತ್ತಿನ ಲೆಕ್ಕವೇ ಗಟ್ಟಿ, ಆಗ ನಮ್ಮ ಹುಡುಗಿಗೆ ಬೆಳ್ಳಿ ಎಂದು ಯಾರೋ ಹೇಳಿದ್ದೇ ತಡ, ನಮ್ಮತ್ತೆ ದೇವರ ಮನೆಗೆ ಓಡಿ ದೀಪ ಹಚ್ಚಿ ವರುಣನಿಗೆ ಹರಕೆ ಹೊತ್ತರು. ವರುಣ ಜಪಾನಿನವನು, ಕೇಳಲಿಲ್ಲ. ಮಳೆ ನಿಂತಿತು. ಅದಿತಿ ಒಂದೇ ಒಂದು ಏಟಿನ ಅಂತರದಲ್ಲಿ ಪದಕ ತಪ್ಪಿ ನಾಲ್ಕನೆಯವಳಾದಳು. ಆಗ ಅವಳ ವಿಶ್ವ ರ‍್ಯಾಂಕಿಂಗ್ 200.

ನನ್ನ ಕಣ್ಣು ಮಾತ್ರ ಪದಕದ ಮೇಲಿರಲಿಲ್ಲ. ಆ ಹುಡುಗಿಯ ಪಕ್ಕದಲ್ಲಿ ಬ್ಯಾಗು ಹೊರುವ ಕ್ಯಾಡಿಯಾಗಿ ನಡೆಯುತ್ತಿದ್ದವರು ಸ್ವತಃ ಅವಳ ತಾಯಿ. ರಿಯೊ ಒಲಿಂಪಿಕ್ಸ್‌ನಲ್ಲಿ ಆ ಕೆಲಸ ಮಾಡಿದ್ದು ತಂದೆಯಂತೆ. ಮರುದಿನ ಪತ್ರಿಕೆಗಳಲ್ಲಿ ಇನ್ನೊಂದು ಸಂಗತಿ ಓದಿದೆ. ಅವರ ಮನೆಯಲ್ಲಿ ಮುಂಚೆ ಯಾರೂ ಗಾಲ್ಫ್ ಆಡಿದವರಲ್ಲ. ಕರ್ನಾಟಕ ಗಾಲ್ಫ್ ಅಸೋಸಿಯೇಷನ್ ಮೈದಾನ ಕಾಣುವ ಹೋಟೆಲೊಂದರಲ್ಲಿ ತಿಂಡಿ ತಿನ್ನುವಾಗ ಐದಾರು ವರ್ಷದ ಮಗು ಆ ಕಡೆ ನೋಡಿ ಇದೇನು ಎಂದು ಕೇಳಿದ್ದರಿಂದ ಎಲ್ಲ ಶುರುವಾಯಿತಂತೆ. ಅಂದರೆ ಇದು ತಂದೆತಾಯಿಗೆ ಏನೂ ಬಾರದಿದ್ದರೂ ನಡೆಯುವ ಆಟ. ಏನೂ ಬಾರದಿರುವುದರಲ್ಲಿ ನಾವು ಯಾರಿಗೂ ಕಡಿಮೆಯಿಲ್ಲ. ತಿಂಡಿಗಂತೂ ನಾವು ವಾರ ವಾರ ಹೋಗುತ್ತೇವೆ. ಹೀಗಾಗಿ ಮುಂದಿನ ಬೇಸಿಗೆ ಶಿಬಿರಕ್ಕೆ ಮಗಳ ಹೆಸರು ಬಿತ್ತು. ಅವಳಿಗೆ ಈಜು ಬೇಕಿತ್ತು ಎಂಬುದು ಸಣ್ಣ ವಿಷಯ. ನಾಲ್ಕು ದಿನ ಚೆಂಡು ಹೊಡೆದ ಮೇಲೆ ಅವಳೇ ಈಜಿನ ಮಾತು ಬಿಟ್ಟಳು.

ಮೊದಲ ಸಂಕಟ ಅಳತೆಯದು. ಯೂನಿಫಾರಂ, ಬೂಟು, ಲಂಗ, ಮಕ್ಕಳಿಗೆ ಏನು ತಂದರೂ ಎರಡು ವರ್ಷ ಮುಂದಕ್ಕೆ ಆಗುವಂಥದ್ದು ತರಬೇಕೆಂಬುದು ನಮ್ಮ ಮನೆಯ ಸಂವಿಧಾನದ ಮೊದಲನೆಯ ವಿಧಿ. ಇವರು ಅದಕ್ಕೆ ನಿಷ್ಠರಾಗಿ, ನೆಂಟರೊಬ್ಬರ ಅಟ್ಟದಲ್ಲಿ ಬಿದ್ದಿದ್ದ ದೊಡ್ಡವರ ಸೆಟ್ಟನ್ನೇ ಚೌಕಾಸಿ ಮಾಡಿ ತಂದರು. ಅದರಲ್ಲಿನ ಡ್ರೈವರ್ ಎಂಬ ಉದ್ದನೆಯ ಕ್ಲಬ್ಬನ್ನು ನಿಲ್ಲಿಸಿದರೆ ಮಗಳ ಗಲ್ಲದವರೆಗೆ ಬರುತ್ತಿತ್ತು. "ಬೆಳೆಯೋ ಮಗು" ಎಂದು ನಾನೂ ದನಿಗೂಡಿಸಿದೆ. ಕೋಚು ಅದನ್ನು ಒಂದು ನಿಮಿಷ ನೋಡಿ, "ಮೇಡಂ, ಇದನ್ನ ಮಗು ಬೀಸೋದಿಲ್ಲ, ಇದೇ ಮಗೂನ ಬೀಸುತ್ತೆ" ಎಂದರು. ಮಕ್ಕಳಿಗೆ ಕ್ಲಬ್ಬನ್ನು ಎತ್ತರ ಅಳೆದೇ ಕೊಡಬೇಕು. ದೊಡ್ಡವರದ್ದನ್ನು ಕತ್ತರಿಸಿ ಗಿಡ್ಡ ಮಾಡಿದರೂ ದಂಡ ಬಿರುಸಾಗುತ್ತದೆ, ತಲೆಯ ಭಾರ ಹಾಗೇ ಉಳಿಯುತ್ತದೆ. ಆ ಭಾರಕ್ಕೆ ಮಗು ಹಿಂದಕ್ಕೆ ವಾಲುತ್ತದೆ, ಮೊಣಕೈ ಮಡಿಸುತ್ತದೆ, ತಪ್ಪು ಬೀಸೇ ಮೈಗೆ ಅಂಟುತ್ತದೆ. ಒಮ್ಮೆ ಅಂಟಿದರೆ ಬಿಡಿಸುವುದು ಕಷ್ಟ. ಪೂರ್ತಿ ಸೆಟ್ಟೂ ಬೇಡ, ಐದಾರು ಕ್ಲಬ್ಬು ಸಾಕು ಎಂದೂ ಅವರೇ ಹೇಳಿದರು. ಇವರು ಮಣಿಯಲಿಲ್ಲ. "ರೂಲ್ಸಲ್ಲಿ ಹದಿನಾಲ್ಕು ಇಟ್ಕೋಬಹುದು ಅಂತಿದೆ." ಅದು ಮಿತಿ ಎಂದು ಕೋಚು, ಹಕ್ಕು ಎಂದು ಇವರು. ಬ್ಯಾಂಕಿನಲ್ಲಿ ಕೆಲಸ ಮಾಡುವ ಇವರಿಗೆ ಈ ವ್ಯತ್ಯಾಸ ತಿಳಿಸುವುದು ಕಷ್ಟ.

ಸರಿಯಾದ ಅಳತೆಯ ಕ್ಲಬ್ಬು ಬಂದ ಮೇಲೆ ಮನೆಯಲ್ಲಿ ಅಭ್ಯಾಸ ಶುರುವಾಯಿತು. ಗಾಲ್ಫ್ ಕುಳಿಯ ವ್ಯಾಸ ಜಗತ್ತಿನಲ್ಲೆಲ್ಲ 108 ಮಿಲಿಮೀಟರ್. ಚೆಂಡು 42.67 ಮಿ.ಮೀ.ಗಿಂತ ಸಣ್ಣದಿರಬಾರದು, 45.93 ಗ್ರಾಂ ಮೀರಬಾರದು. ಮಗಳು ಜಾಮೆಟ್ರಿ ಬಾಕ್ಸಿನ ಸ್ಕೇಲು ಹಿಡಿದು ಅಡುಗೆಮನೆಯ ಪಾತ್ರೆಗಳ ಬಾಯಿ ಅಳೆಯುತ್ತ ಹೋದಳು. ಪಂಚಪಾತ್ರೆ ಚಿಕ್ಕದಾಯಿತು, ಸಾರಿನ ಬಟ್ಟಲು ದೊಡ್ಡದಾಯಿತು. ಹತ್ತಿರ ಹತ್ತಿರ ಹನ್ನೊಂದು ಸೆಂಟಿಮೀಟರಿಗೆ ಕೂತದ್ದು ಅತ್ತೆಯವರ ಕಾಫಿ ಡಬರಾ. ಅದು ಅವರ ತವರಿನದು, ಅದರಲ್ಲಿ ಬೇರೆಯವರು ನೀರನ್ನೂ ಕುಡಿಯುವಂತಿರಲಿಲ್ಲ. ಮೊಮ್ಮಗಳು ಕೇಳಿದರೆ ಕಥೆಯೇ ಬೇರೆ. ಡಬರಾ ಹಾಲಿನ ಮೂಲೆಯಲ್ಲಿ ಅಡ್ಡ ಮಲಗಿತು, ಅತ್ತೆಯ ಕಾಫಿ ಬರಿಲೋಟಕ್ಕೆ ಇಳಿಯಿತು. ದಿನಾ ಬೆಳಿಗ್ಗೆ ಆರಕ್ಕೆ ಟಣ್, ಟಣ್. ಇಷ್ಟೊಂದು ನಿಷ್ಠೆಯಿಂದ ಪೂಜೆ ಮಾಡುವವರು ಯಾರಮ್ಮ ಎಂದು ಕೆಳಗಿನ ಮನೆಯವರು ಕೇಳಿದರು. ನಮ್ಮತ್ತೆ ಎಂದೆ. ಪುಣ್ಯ ಯಾರಿಗಾದರೂ ಬರಲಿ. ಚೆಂಡನ್ನು ತುಸು ಎತ್ತಿ ಹೊಡೆಯುವ ಚಿಪ್ ಅಭ್ಯಾಸ ಮಾತ್ರ ತಾರಸಿಗೆ ಹೋಯಿತು. ಏಳನೇ ನಂಬರಿನ ಐರನ್ ಕ್ಲಬ್ಬು ಒಮ್ಮೆ ತುಳಸಿ ಕುಂಡದ ಅಂಚಿಗೆ ತಾಗಿತು. ಕುಂಡಕ್ಕೆ ಏನೂ ಆಗಲಿಲ್ಲ. ಐರನ್ನಿಗೆ ಗಾಯವಾಯಿತು.

ಇಷ್ಟಾದರೂ ಅತ್ತೆಗೆ ಒಳಗೊಳಗೆ ಅನುಮಾನ. ಒಂದು ಸಂಜೆ ಇವರು ಮೊಬೈಲಿನಿಂದ ಓದಿ ಹೇಳಿದರು. ಸ್ಕಾಟ್ಲೆಂಡಿನ ಎರಡನೆಯ ಜೇಮ್ಸ್ ರಾಜನ ಕಾಲದಲ್ಲಿ, 1457ರಲ್ಲಿ, ಗಾಲ್ಫನ್ನೇ ನಿಷೇಧಿಸಿದ್ದರಂತೆ. ಯುದ್ಧಕ್ಕೆ ಬೇಕಾದ ಬಿಲ್ವಿದ್ಯೆಯ ಅಭ್ಯಾಸ ಬಿಟ್ಟು ಜನ ಇದರ ಹಿಂದೆ ಬಿದ್ದಿದ್ದಾರೆ ಎಂಬುದು ದೂರು. "ನೋಡಿದ್ಯಾ, ಆಗಲೇ ಗೊತ್ತಾಗಿತ್ತು ಆ ಪುಣ್ಯಾತ್ಮನಿಗೆ" ಎಂದರು ಅತ್ತೆ. ಗಣಿತದ ಟೆಸ್ಟಿನ ಹಿಂದಿನ ದಿನ ನನಗೂ ಆ ರಾಜ ಬುದ್ಧಿವಂತನಾಗಿಯೇ ಕಾಣುತ್ತಾನೆ.

ಬೆಂಕಿಗೆ ತುಪ್ಪ ಸುರಿದವನು ಡಲ್ಲಾಸಿನಲ್ಲಿರುವ ನಮ್ಮಣ್ಣ. ಅಮೆರಿಕದಲ್ಲಿ ಮಕ್ಕಳ ಗಾಲ್ಫಿಗೆ ಅಂಗಡಿಯ ಹಾಗೆ ಸಾಲು ಸಾಲು ಯೋಜನೆಗಳು. ಅವನು ವಿಡಿಯೊ ಕಾಲ್ ಮಾಡಿ ಒಂದೊಂದೇ ಬಿಚ್ಚಿಟ್ಟ. 1997ರಲ್ಲಿ ಶುರುವಾದ ಫಸ್ಟ್ ಟೀ ಎಂಬ ಸಂಸ್ಥೆ ಆಟದ ಜೊತೆಗೆ ನಡತೆಯನ್ನೂ ಕಲಿಸುತ್ತದಂತೆ. ಯೂತ್ ಆನ್ ಕೋರ್ಸ್ ಎಂಬುದಕ್ಕೆ ಸದಸ್ಯರಾದ ಮಕ್ಕಳು ಐದು ಡಾಲರ್ ಅಥವಾ ಅದಕ್ಕೂ ಕಡಿಮೆ ಕೊಟ್ಟು ಒಂದು ಸುತ್ತು ಆಡಬಹುದಂತೆ. ಡ್ರೈವ್, ಚಿಪ್ ಆ್ಯಂಡ್ ಪಟ್ ಎಂಬ ಸ್ಪರ್ಧೆಯ ಅಂತಿಮ ಸುತ್ತು 2014ರಿಂದ ಅಗಸ್ಟಾ ನ್ಯಾಷನಲ್ ಮೈದಾನದಲ್ಲಿ, ಮಾಸ್ಟರ್ಸ್ ಟೂರ್ನಿಗೆ ಮುಂಚಿನ ಭಾನುವಾರ ನಡೆಯುತ್ತದೆ. ಮಕ್ಕಳಿಗೆ ಉಚಿತ ಪ್ರವೇಶ. ಪಿಜಿಎ ಜೂನಿಯರ್ ಲೀಗಿನಲ್ಲಿ ಮಕ್ಕಳು ಬೆನ್ನ ಮೇಲೆ ನಂಬರಿರುವ ಅಂಗಿ ತೊಟ್ಟು ತಂಡವಾಗಿ ಆಡುತ್ತಾರೆ. ಇಬ್ಬರೂ ಹೊಡೆಯುವುದು, ಯಾರ ಚೆಂಡು ಒಳ್ಳೆಯ ಜಾಗಕ್ಕೆ ಹೋಯಿತೋ ಅಲ್ಲಿಂದ ಇಬ್ಬರೂ ಮುಂದಿನ ಏಟು ಆಡುವುದು. ಒಬ್ಬ ಎಡವಿದರೂ ಅಳುವ ಪ್ರಮೇಯವಿಲ್ಲ. ಈ ಪದ್ಧತಿ ನನಗೆ ಬಹಳ ಹಿಡಿಸಿತು. ಸಂಸಾರ ಹೀಗೆ ನಡೆಯಬೇಕಿತ್ತು. ನಮ್ಮಲ್ಲಿ ಇವರ ಚೆಂಡು ಎಲ್ಲಿ ಬಿದ್ದಿದೆಯೋ ಅಲ್ಲಿಂದಲೇ ಇಬ್ಬರೂ ಆಡಬೇಕು.

ಇವರಿಗೆ ಇದ್ಯಾವುದೂ ಕೇಳಿಸಲಿಲ್ಲ. ಅಲ್ಲಿನ ಕಾಲೇಜುಗಳ ಹೆಣ್ಣುಮಕ್ಕಳ ಗಾಲ್ಫ್ ತಂಡದಲ್ಲಿ ಜಾಗ ಸಿಕ್ಕರೆ ವಿದ್ಯಾರ್ಥಿವೇತನ ಎಂದು ಅಣ್ಣ ಕೊನೆಯಲ್ಲಿ ಹೇಳಿದ ಒಂದು ಮಾತು ಮಾತ್ರ ಕೇಳಿಸಿತು. ಆ ರಾತ್ರಿ ಲ್ಯಾಪ್‌ಟಾಪಿನಲ್ಲಿ ಒಂದು ಎಕ್ಸೆಲ್ ಹಾಳೆ ಹುಟ್ಟಿತು. ಎಡಗಡೆ ಖರ್ಚು: ಅಭ್ಯಾಸದ ರೇಂಜಿನಲ್ಲಿ ಬಕೆಟ್ಟಿನ ಲೆಕ್ಕದಲ್ಲಿ ಕೊಡುವ ಚೆಂಡು, ಕೋಚಿನ ಫೀಸು, ಪೆಟ್ರೋಲು, ಕೈಗವಸು. ಗ್ಲೌಸು ಒಂದೇ ಕೈಗೆ ಹಾಕುವುದಾದರೂ ಅದಕ್ಕೆ ಜೋಡಿಯ ಬೆಲೆ ಎಂಬುದು ಅವರ ಗಾಯದ ಮೇಲಿನ ಉಪ್ಪು. ಬಲಗಡೆ ಆದಾಯ ಎಂದು ಬರೆದು ಒಂದೇ ಸಾಲು: "ಅಮೆರಿಕ." ಮಗಳಿಗೆ ಆಗ ಹಲ್ಲು ಬೀಳುವ ವಯಸ್ಸು.

ನಮ್ಮ ದೇಶದಲ್ಲೂ ಏಣಿ ಇಲ್ಲದಿಲ್ಲ. 1955ರಲ್ಲಿ ಹುಟ್ಟಿದ ಇಂಡಿಯನ್ ಗಾಲ್ಫ್ ಯೂನಿಯನ್ ಮಕ್ಕಳನ್ನು ವಯಸ್ಸಿನ ಪ್ರಕಾರ ಎ, ಬಿ, ಸಿ ಎಂದು ವಿಂಗಡಿಸಿ ಟೂರ್ನಿಗಳನ್ನು ನಡೆಸುತ್ತದೆ. ಅದಕ್ಕಿಂತ ಕೆಳಗಿನ ಮೆಟ್ಟಿಲು ಎಳೆಯರಿಗಾಗಿ ನಡೆಯುವ ಸ್ಥಳೀಯ ಸ್ಪರ್ಧೆಗಳು. ಒಂಬತ್ತೇ ಹೋಲು, ಮೊದಲ ಏಟಿನ ಜಾಗವಾದ ಟೀ ಮುಂದಕ್ಕೆ. ಒಂದು ಹೋಲಿನಲ್ಲಿ ನಿಗದಿಯಾದ ಏಟು, ಅಂದರೆ ಪಾರ್‌ನ ಇಮ್ಮಡಿ ಏಟಾದರೆ ಚೆಂಡು ಎತ್ತಿಕೊಂಡು ಮುಂದಕ್ಕೆ ನಡೆಯಬೇಕು. ಅಂಥದ್ದೊಂದಕ್ಕೆ ಮಗಳ ಹೆಸರು ಕೊಟ್ಟೆವು. ಟೋಕಿಯೊ ತಾಯಿಯನ್ನು ಮನಸ್ಸಿನಲ್ಲಿಟ್ಟುಕೊಂಡು ನಾನು ಬ್ಯಾಗು ಹೊತ್ತು ತಾರಸಿಯ ಮೇಲೆ ನಡೆಯುವ ತಾಲೀಮು ಮಾಡಿದೆ. ಬೆನ್ನಿಗೆ ಎಣ್ಣೆ ಹಚ್ಚಿದವರು ಅತ್ತೆ. ಹಿಂದಿನ ದಿನ ಸೂಚನಾ ಪತ್ರ ಬಂತು. ತಂದೆತಾಯಿ ಕ್ಯಾಡಿಯಾಗುವಂತಿಲ್ಲ. ಹಗ್ಗದಿಂದ ಈಚೆ ಬರುವಂತಿಲ್ಲ. ಮಾತು, ಸನ್ನೆ, ಸಲಹೆ ಯಾವುದೂ ಕೂಡದು. ಚೆಂಡು ಕಾಣದೆ ಹೋದಾಗ ಮಾತ್ರ ಹುಡುಕಲು ನೆರವಾಗಬಹುದು. ಅಷ್ಟು ದೂರ ಹೋಗಿ ನಮಗೆ ಸಿಕ್ಕ ಹುದ್ದೆ ಅದು.

ಬೆಳಗಿನ ಆರೂವರೆಗೆ ಹಗ್ಗದಾಚೆ ಜಮಾಯಿಸಿದ ತಂದೆತಾಯಂದಿರನ್ನು ನೀವು ನೋಡಬೇಕಿತ್ತು. ಒಬ್ಬರು ಬೈನಾಕ್ಯುಲರ್ ತಂದಿದ್ದರು. ಇನ್ನೊಬ್ಬ ತಾಯಿ ಕಣ್ಣು ಮುಚ್ಚಿ ಹನುಮಾನ್ ಚಾಲೀಸಾ ಹೇಳಿಕೊಳ್ಳುತ್ತಿದ್ದರು, ಅವರ ಮಗ ಹೊಡೆಯುವಾಗ ಮಾತ್ರ ಒಂದು ಕಣ್ಣು ತೆರೆಯುತ್ತಿದ್ದರು. ಮಕ್ಕಳು ಆರಾಮಾಗಿದ್ದರು. ಪರಸ್ಪರ ಟೋಪಿ ಎಳೆದುಕೊಂಡು ನಗುತ್ತಿದ್ದರು.

ನಾನು ಮುಂಚೆಯೇ ಒಂದು ವ್ಯವಸ್ಥೆ ಮಾಡಿಕೊಂಡಿದ್ದೆ. ಮಾತಾಡಬಾರದು ಎಂದರು, ಕೆಮ್ಮಬಾರದು ಎಂದು ಎಲ್ಲೂ ಬರೆದಿರಲಿಲ್ಲ. ಒಂದು ಕೆಮ್ಮಿಗೆ ಮೆತ್ತಗೆ, ಎರಡಕ್ಕೆ ಜೋರಾಗಿ, ಉದ್ದನೆಯ ಕೆಮ್ಮಿಗೆ ಎಡಗಡೆ ಮರಳಿನ ಹೊಂಡವಿದೆ ಎಂದರ್ಥ. "ಅಮ್ಮಾ, ದಮ್ಮಯ್ಯ, ಕೆಮ್ಮಬೇಡ" ಎಂದು ಮಗಳು ಕಾರಿನಲ್ಲೇ ಬೇಡಿಕೊಂಡಿದ್ದಳು. ಮೂರನೆಯ ಹೋಲಿನಲ್ಲಿ ಮರಳು ಕಂಡ ಕೂಡಲೇ ನನ್ನ ಎದೆಯಿಂದ ಒಂದು ಉದ್ದನೆಯ ಕೆಮ್ಮು ಹೊರಟಿತು. ಪಕ್ಕದಲ್ಲಿ ಇವರೂ ಗಂಟಲು ಸರಿ ಮಾಡಿಕೊಂಡರು. ಅವರದು ನಮ್ಮ ಒಪ್ಪಂದದಲ್ಲಿಲ್ಲದ ಕೆಮ್ಮು, ಹಾಗಾಗಿ ಅರ್ಥ ನನಗೂ ಆಗಲಿಲ್ಲ. ಮಗಳು ಗೊಂದಲದಲ್ಲಿ ಮೇಲೆತ್ತಿದ ಕ್ಲಬ್ಬನ್ನು ಕೆಳಗಿಳಿಸಿದಳು. ಅಲ್ಲಿದ್ದ ಅಧಿಕಾರಿ ಹೆಂಗಸು ನಿಧಾನವಾಗಿ ನಮ್ಮ ಹತ್ತಿರ ಬಂದು, ಕೈಚೀಲ ತೆಗೆದು, ಇಬ್ಬರಿಗೂ ಒಂದೊಂದು ಶುಂಠಿ ಪೆಪ್ಪರ್‌ಮಿಂಟ್ ಕೊಟ್ಟರು. "ಕ್ಯಾಡಿ ಬಿಟ್ಟು ಬೇರೆಯವರನ್ನ ಸಲಹೆ ಕೇಳಿದರೆ ಮಗೂಗೆ ಎರಡು ಏಟಿನ ದಂಡ, ಮೇಡಂ" ಎಂದರು, ನಗುತ್ತಲೇ. ಇವಳು ಕೇಳಿಲ್ಲ, ನಾವೇ ಕೊಟ್ಟಿದ್ದು ಎನ್ನಲು ಬಾಯಿ ತೆರೆದೆ. ಪೆಪ್ಪರ್‌ಮಿಂಟ್ ಅಡ್ಡ ಬಂತು. ಮಗಳ ಜೊತೆ ಆಡುತ್ತಿದ್ದ ಹುಡುಗ ಮಾತ್ರ ಎರಡು ಹೆಜ್ಜೆ ಹಿಂದೆ ಸರಿದು, "ಆಂಟಿ, ಕೋವಿಡ್ಡಾ?" ಎಂದ.

ಐದನೆಯ ಹೋಲಿನಲ್ಲಿ ಚೆಂಡು ಪೊದೆ ಸೇರಿತು. ಕೊನೆಗೂ ನಮ್ಮ ಹುದ್ದೆಗೆ ಕರೆ ಬಂತು. ಸೀರೆ ಸೊಂಟಕ್ಕೆ ಸಿಕ್ಕಿಸಿ ನುಗ್ಗಿದೆ. ನಾಲ್ಕು ಚೆಂಡು ಸಿಕ್ಕವು, ಯಾವುದೂ ಅವಳದಲ್ಲ. ಒಂದರ ಮೇಲೆ ಯಾವುದೋ ಕಂಪನಿಯ ಮುದ್ರೆಯಿತ್ತು, ಇನ್ನೊಂದು ಕೈಬಿಟ್ಟು ವರ್ಷಗಳಾದಂತಿತ್ತು. ಅಷ್ಟರಲ್ಲಿ ಮಗಳೇ ಗಡಿಯಾರ ನೋಡಿ "ಮೂರು ನಿಮಿಷ ಆಯ್ತು" ಎಂದಳು. ನಿಯಮದ ಪ್ರಕಾರ ಆ ಚೆಂಡು ಕಳೆದುಹೋಯಿತು. ಒಂದು ಏಟಿನ ದಂಡ ತೆತ್ತು, ಹೊಡೆದ ಜಾಗಕ್ಕೇ ವಾಪಸು ಹೋಗಿ ಆಡಬೇಕು. "ಇನ್ನೊಂದೇ ನಿಮಿಷ ಇರಿ" ಎಂದು ನಾನು ತರಕಾರಿಯವನ ಹತ್ತಿರ ಮಾತಾಡುವ ದನಿಯಲ್ಲೇ ಕೇಳಿಕೊಂಡೆ. 2019ಕ್ಕೆ ಮುಂಚೆ ಐದು ನಿಮಿಷ ಇತ್ತು, ಈಗ ಮೂರೇ ಎಂದರು ಆ ಅಧಿಕಾರಿ. ಇವಳನ್ನು ಸ್ವಲ್ಪ ಬೇಗ ಹಡೆದಿದ್ದರೆ ಎರಡು ನಿಮಿಷ ಲಾಭವಾಗುತ್ತಿತ್ತು.

ನಿಜವಾದ ಪೆಟ್ಟು ಬಿದ್ದದ್ದು ಏಳನೆಯ ಹೋಲಿನಲ್ಲಿ. ಬಿದ್ದಾಗ ನಮಗೆ ಗೊತ್ತಾಗಲಿಲ್ಲ. ಮರದ ಕೆಳಗೆ, ಎತ್ತರದ ಹುಲ್ಲಿನಲ್ಲಿ ಅವಳ ಚೆಂಡಿತ್ತು. ಪಕ್ಕದಲ್ಲೊಂದು ಒಣಗಿದ ಎಲೆ. ಎಲೆ ತೆಗೆಯಬಹುದು, ಅದಕ್ಕೆ ಅಡ್ಡಿಯಿಲ್ಲ. ತೆಗೆಯುವಾಗ ಚೆಂಡು ಅಲುಗಿದರೆ ಮಾತ್ರ ಒಂದು ಏಟಿನ ದಂಡ, ಚೆಂಡನ್ನು ಮೊದಲಿದ್ದಲ್ಲಿಗೇ ಇಡಬೇಕು. ಅದು ಗೋಧಿ ಕಾಳಿನಷ್ಟು ಅಲುಗಿತಂತೆ. ಜೊತೆಗಾರ ದೂರದಲ್ಲಿದ್ದ, ಅಧಿಕಾರಿ ಆ ಕಡೆ ತಿರುಗಿದ್ದರು, ಬೈನಾಕ್ಯುಲರಿನವರು ತಮ್ಮ ಮಗನನ್ನು ನೋಡುತ್ತಿದ್ದರು. ಇವಳು ಚೆಂಡನ್ನು ಹಿಂದಿನ ಜಾಗಕ್ಕಿಟ್ಟು, ಕೈಯೆತ್ತಿ ಜೊತೆಗಾರನನ್ನು ಕರೆದು, "ಒಂದು ಸೇರಿಸ್ಕೋ" ಎಂದಳು. ಇಷ್ಟೂ ನಮಗೆ ತಿಳಿದದ್ದು ಆಟ ಮುಗಿದು ಕಾರ್ಡು ನೋಡಿದಾಗ. ನಾನು ಹಗ್ಗದಾಚೆಯಿಂದ ಬೆರಳು ಮಡಿಸಿ ಲೆಕ್ಕ ಇಟ್ಟಿದ್ದೆ. ಏಳನೆಯ ಹೋಲಿಗೆ ಆರು. ಕಾರ್ಡಿನಲ್ಲಿ ಏಳು.

"ಆರು ಕಣೇ ಪುಟ್ಟಿ, ನಾನೇ ಎಣಿಸಿದೀನಿ."

"ಚೆಂಡು ಅಲುಗ್ತು ಅಮ್ಮ."

"ಯಾರು ನೋಡಿದ್ರೇ?"

"ಅಲ್ಲಿ ನಾನಿದ್ನಲ್ಲ?"

ಅಪ್ಪನ ಕಡೆ ತಿರುಗಿದಳು. "ಎಲೆ ತೆಗೀದೇನೇ ಹೊಡೀಬಹುದಿತ್ತು" ಎಂದರು ಇವರು, ಸೂರನ್ನು ನೋಡುತ್ತ. ಸಂಜೆ ಇದೇ ಮನುಷ್ಯ ಫೋನಿನಲ್ಲಿ ತಮ್ಮ ಅಣ್ಣನಿಗೆ ಗಾಲ್ಫ್ ಆಟಗಾರ ಬಾಬಿ ಜೋನ್ಸ್‌ನ ಕಥೆ ಹೇಳುತ್ತಿದ್ದರು. 1925ರ ಅಮೆರಿಕನ್ ಓಪನ್‌ನಲ್ಲಿ ಜೋನ್ಸ್ ಹುಲ್ಲಿನಲ್ಲಿದ್ದ ಚೆಂಡು ತುಸು ಅಲುಗಿತೆಂದು ತನಗೆ ತಾನೇ ಒಂದು ಏಟಿನ ದಂಡ ಹಾಕಿಕೊಂಡ. ಬೇರೆ ಯಾರಿಗೂ ಅದು ಕಂಡಿರಲಿಲ್ಲ. ಆ ಒಂದು ಏಟಿನಿಂದ ಪಂದ್ಯ ಸಮವಾಗಿ, ಕೊನೆಗೆ ಪ್ಲೇಆಫಿನಲ್ಲಿ ವಿಲ್ಲಿ ಮ್ಯಾಕ್‌ಫರ್ಲೇನ್‌ಗೆ ಸೋತ. "ನಮ್ಮ ಪುಟ್ಟಿನೂ ಥೇಟ್ ಹಾಗೇ" ಎಂದು ಇವರು ಎದೆಯುಬ್ಬಿಸಿದರು. ಎಲೆಯ ಮಾತು ಅಲ್ಲಿ ಬರಲಿಲ್ಲ.

ಕಾರ್ಡಿಗೆ ಸಹಿ ಹಾಕುವುದೂ ಒಂದು ಶಾಸ್ತ್ರ. ಗಾಲ್ಫಿನಲ್ಲಿ ಮಕ್ಕಳು ಒಬ್ಬರ ಲೆಕ್ಕ ಇನ್ನೊಬ್ಬರು ಬರೆದುಕೊಳ್ಳುತ್ತಾರೆ, ಕೊನೆಗೆ ಇಬ್ಬರೂ ಸಹಿ ಹಾಕುತ್ತಾರೆ. ಯಾವುದಾದರೂ ಹೋಲಿಗೆ ನಿಜಕ್ಕಿಂತ ಕಡಿಮೆ ಬರೆದ ಕಾರ್ಡಿಗೆ ಸಹಿ ಹಾಕಿ ಕೊಟ್ಟರೆ ಅನರ್ಹ. ಹೆಚ್ಚು ಬರೆದಿದ್ದರೆ ಆ ಹೆಚ್ಚೇ ಗಟ್ಟಿ. ಕೂಡಿಸುವ ಹೊಣೆ ಮಾತ್ರ ಆಟಗಾರರದಲ್ಲ, ಸಮಿತಿಯದು. ಇಪ್ಪತ್ತು ವರ್ಷ ಬ್ಯಾಂಕಿನಲ್ಲಿ ಕೂಡಿಸಿದ ನಮ್ಮವರಿಗೆ ಇದು ಸಹಿಸಲಾಗಲಿಲ್ಲ. ಹಗ್ಗದಾಚೆಯಿಂದಲೇ ಬಾಯಲ್ಲಿ ಕೂಡಿಸಿ, ಸಮಿತಿಯವರ ಮೊತ್ತದ ಜೊತೆ ತಾಳೆ ನೋಡಿ, ಸರಿಯಿದೆ ಎಂದು ಅವರಿಗೆ ಒಪ್ಪಿಗೆ ಸೂಚಿಸಿದರು. ಅವರು ಕೇಳಿರಲಿಲ್ಲ.

ಫಲಿತಾಂಶವನ್ನು ಇವರು ನೆಂಟರ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿದರು: "ಮೊದಲ ಟೂರ್ನಿಯಲ್ಲೇ ಮೊದಲ ಹತ್ತರೊಳಗೆ!" ಹೂಗುಚ್ಛಗಳು ಸುರಿದವು. ಮಗಳು ನನ್ನ ಫೋನು ತೆಗೆದುಕೊಂಡು ಕೆಳಗೆ ಬರೆದಳು: "ಇದ್ದಿದ್ದೇ ಹತ್ತು ಜನ. ನಾನು ಒಂಬತ್ತನೆಯವಳು."

ಅಲ್ಲಿಂದಾಚೆ ನಮ್ಮ ಮನೆಯಲ್ಲಿ ನೆಮ್ಮದಿಯಿಲ್ಲ. ನಾವು ಲೆಕ್ಕದಲ್ಲಿ ಸ್ವಲ್ಪ ಸಡಿಲ ಬಿಟ್ಟು ಬಾಳಿದ ಜನ. ಅತ್ತೆಗೆ ಸಕ್ಕರೆ ಕಾಯಿಲೆ. ಒಬ್ಬಟ್ಟನ್ನು ಅರ್ಧ ಅರ್ಧವಾಗಿ ತಿಂದರೆ ಅದು ಲೆಕ್ಕಕ್ಕಿಲ್ಲ ಎಂಬುದು ಅವರ ಸಿದ್ಧಾಂತ. "ಅಜ್ಜಿ, ನಾಲ್ಕು ಅರ್ಧ ಆಯ್ತು. ಎರಡು ಬರ್ಕೊಂಡಿದೀನಿ." ಡಾಕ್ಟರ ಮುಂದೆ ಆ ಚೀಟಿ ಹಾಜರಾಯಿತು. ಇವರು ಟವೆಲ್ಲು ಸುತ್ತಿಕೊಂಡು ಬಚ್ಚಲ ಬಾಗಿಲಲ್ಲಿ ನಿಂತು, ಆಫೀಸಿಗೆ ಫೋನು ಮಾಡಿ "ಟೌನ್ ಹಾಲ್ ಹತ್ರ ಟ್ರಾಫಿಕ್ಕು ಸಾರ್" ಎನ್ನುತ್ತಿದ್ದರೆ, ಹಿಂದಿನಿಂದ "ಅಪ್ಪಾ, ಬಿಸಿನೀರು ಬಂತು" ಎಂದು ಸ್ಪಷ್ಟ ಕನ್ನಡದಲ್ಲಿ ಕೂಗುತ್ತಾಳೆ. ಅವರ ಕನ್ನಡಕ ಕಾಣೆಯಾದರೆ ಮುಂಚೆ ಮನೆಮಂದಿಯೆಲ್ಲ ಮಧ್ಯಾಹ್ನದವರೆಗೆ ಹುಡುಕುತ್ತಿದ್ದೆವು. ಈಗ ಮೂರು ನಿಮಿಷಕ್ಕೆ ಇವಳು ಕೈಗಡಿಯಾರ ತೋರಿಸುತ್ತಾಳೆ: "ಕಳೆದುಹೋಯ್ತು ಅಂತ ಲೆಕ್ಕ. ದಂಡ ಕಟ್ಟಿ ಹೊಸದು ತಗೊಳ್ಳಿ." ಹೊಸದು ತಂದ ಮೇಲೆ ಹಳೆಯದು ಅವರ ತಲೆಯ ಮೇಲಿಂದ ಇಳಿಯಿತು.

ನನ್ನ ಪಾಡು ಹೇಳುವುದೇ ಬೇಡ. ವಾಕಿಂಗಿನ ಹೆಜ್ಜೆ ಲೆಕ್ಕ ಕೊಡುವ ಗಡಿಯಾರವನ್ನು ಕೈಗೆ ಕಟ್ಟಿಕೊಂಡು ಚಪಾತಿ ಹಿಟ್ಟು ನಾದುವುದು ನನ್ನ ಆರೋಗ್ಯ ಪದ್ಧತಿ. ಅದೂ ಬಯಲಾಯಿತು. ಗೌರಿ ಹಬ್ಬಕ್ಕೆ ಸೀರೆ ತಂದಾಗ ಇವರು ಎಷ್ಟೆಂದು ಕೇಳಿದರು. ಮೂವತ್ತು ವರ್ಷದಿಂದ ನಮ್ಮ ತಾಯಿ ಹೇಳಿಕೊಟ್ಟ ಸೂತ್ರದ ಪ್ರಕಾರ ಮೂರರಲ್ಲೊಂದು ಪಾಲು ಕಳೆದು, "ಎರಡು ಸಾವಿರ" ಎಂದೆ. ಪುಸ್ತಕದಿಂದ ತಲೆಯೆತ್ತದೆ ಮಗಳು ಹೇಳಿದಳು: "ಅಮ್ಮಾ, ಕಡಿಮೆ ಬರೆದು ಸೈನ್ ಮಾಡಿದ್ರೆ ಡಿಸ್‌ಕ್ವಾಲಿಫೈ."

2023ರ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಅದಿತಿ ಏಳು ಏಟುಗಳ ಮುನ್ನಡೆಯೊಂದಿಗೆ ಕೊನೆಯ ಸುತ್ತಿಗಿಳಿದು, ಆ ಮುನ್ನಡೆ ಕರಗಿಹೋಗಿ ಬೆಳ್ಳಿಗೆ ಬಂದು ನಿಂತಾಗ ನಮ್ಮತ್ತೆ ಕೆಲಸದವಳಿಗೆ ಅದನ್ನು ಹೋಲು ಹೋಲಾಗಿ ವಿವರಿಸಿದರು. ಏಷ್ಯನ್ ಗೇಮ್ಸ್ ಗಾಲ್ಫಿನಲ್ಲಿ ಭಾರತದ ಹೆಣ್ಣುಮಗಳೊಬ್ಬಳು ಗೆದ್ದ ಮೊದಲ ಪದಕ ಅದು. ಎಲ್ಲ ಕೇಳಿ ಕೆಲಸದವಳು ಕೇಳಿದ್ದು ಒಂದೇ ಮಾತು: "ನಮ್ಮ ಹುಡುಗಿಗೂ ಸೇರಿಸ್ಕೊತಾರಾ ಅಮ್ಮ, ಅಲ್ಲಿ?"

ಅತ್ತೆ ನನ್ನ ಮುಖ ನೋಡಿದರು. ನಾನು ಸೊಪ್ಪು ನೋಡಿದೆ. ಅವಳ ಪ್ರಶ್ನೆಗೆ ಹಾಸ್ಯದಲ್ಲಿ ಉತ್ತರವಿಲ್ಲ. ನಮ್ಮ ರಾಜ್ಯದಲ್ಲಿ ಗಾಲ್ಫ್ ಮೈದಾನಕ್ಕೆ ಬರವಿಲ್ಲ. ಮೈಸೂರಿನಲ್ಲಿ ಚಾಮುಂಡಿ ಬೆಟ್ಟದ ತಪ್ಪಲಲ್ಲಿದೆ, ಚಿಕ್ಕಮಗಳೂರಿನಲ್ಲಿದೆ, ಕೊಡಗಿನ ಬಿಟ್ಟಂಗಾಲದಲ್ಲಿದೆ, ಚಿನ್ನದ ಗಣಿಯ ದೊರೆಗಳು ಕೆಜಿಎಫ್‌ನಲ್ಲೂ ಆಡುತ್ತಿದ್ದರು. ಇಲ್ಲಿಂದ ದೊಡ್ಡದಾಗಿ ಬೆಳೆದವರಲ್ಲಿ ಕೆಲವರು ಮುಂಬಾಗಿಲಿನಿಂದ ಬಂದವರೂ ಅಲ್ಲ. 2009ರಲ್ಲಿ ಇಂಡಿಯನ್ ಓಪನ್ ಗೆದ್ದ ಸಿ. ಮುನಿಯಪ್ಪ ಬೆಂಗಳೂರಿನಲ್ಲಿ ಕ್ಯಾಡಿಯಾಗಿದ್ದವರು. ಎಸ್. ಚಿಕ್ಕರಂಗಪ್ಪ ಬಿಡದಿಯ ಗಾಲ್ಫ್ ಮೈದಾನದ ಪಕ್ಕದ ಹಳ್ಳಿಯವರು, ಬೇರೆಯವರು ಹೊಡೆದ ಚೆಂಡು ಆರಿಸಿಕೊಡುತ್ತ ಆಟ ಕಲಿತು ವೃತ್ತಿಪರರಾದವರು. ಇವರಿಬ್ಬರಿಗೂ ಎಕ್ಸೆಲ್ ಹಾಳೆ ಇರಲಿಲ್ಲ. ಆದರೆ ಚೆಂಡು ಆರಿಸುವುದನ್ನೇ ಬಾಗಿಲು ಎನ್ನುವುದಾದರೆ ಅದು ಗಂಡುಹುಡುಗರಿಗಷ್ಟೇ ತೆರೆದುಕೊಂಡ ಬಾಗಿಲು. ಕೆಲಸದವಳ ಮಗಳು ಯಾವ ಕಡೆಯಿಂದ ಒಳಗೆ ಹೋಗಬೇಕು? ನಾವು ಹೋಗುವ ರೇಂಜಿನಲ್ಲಿ ಕೆಲಸದ ದಿನಗಳ ಮಧ್ಯಾಹ್ನ ನೊಣ ಕೂಡ ಇರುವುದಿಲ್ಲ. ವಾರಕ್ಕೊಂದು ದಿನ ಆ ಹೊತ್ತಿನಲ್ಲಿ ಸುತ್ತಮುತ್ತಲ ಸರ್ಕಾರಿ ಶಾಲೆಯ ಮಕ್ಕಳನ್ನು ಒಳಗೆ ಬಿಟ್ಟು, ಐದಾರು ಗಿಡ್ಡ ಕ್ಲಬ್ಬು ಕೊಟ್ಟರೆ ಹುಲ್ಲೇನೂ ಸವೆಯುವುದಿಲ್ಲ. ಸವೆದರೂ ಮಳೆಗಾಲ ಬರುತ್ತದೆ. ಇದನ್ನು ನಾನು ಅಲ್ಲಿನವರಿಗೆ ಹೇಳಿದೆ. ಪರಿಶೀಲಿಸುತ್ತೇವೆ ಎಂದರು. ಮೂರು ನಿಮಿಷದ ನಿಯಮ ಅದಕ್ಕೆ ಅನ್ವಯಿಸುವುದಿಲ್ಲ ಎಂದು ಕಾಣುತ್ತದೆ.

ಅಷ್ಟರವರೆಗೆ ನನ್ನಿಂದ ಆಗುವುದು ಇಷ್ಟು. ಮಗಳು ಒಂದು ಗೇಣು ಬೆಳೆದಿದ್ದಾಳೆ, ಅವಳ ಮೊದಲ ಸರಿಯಳತೆಯ ಸೆಟ್ಟಿನಲ್ಲಿ ಅರ್ಧದಷ್ಟು ಕೆಲಸದವಳ ಮಗಳಿಗೆ ಹೋಗಿದೆ, ನಮ್ಮ ಮನೆಯಲ್ಲಿ ಭಾನುವಾರ ಟಣ್ ಸದ್ದು ಎರಡಾಗಿದೆ. ಉಳಿದಿರುವ ಎರಡು ಐರನ್ನು, ಒಂದು ಪಟರು ನಾಲ್ಕಡಿ ಎತ್ತರದ ಯಾವ ಮಗುವಿಗಾದರೂ ಹೊಂದುತ್ತವೆ. ಬೇಕಾದವರು ಬಂದು ತೆಗೆದುಕೊಂಡು ಹೋಗಿ, ದುಡ್ಡು ಬೇಡ. ಹೊಸದರ ಹಾಗಿದೆ ಎಂದು ಇವರು ಹೇಳಿದರೆ ನಂಬಬೇಡಿ, ಮಗಳನ್ನು ಕೇಳಿ, ಯಾವುದಕ್ಕೆ ಎಲ್ಲಿ ಗಾಯವಾಗಿದೆ ಎಂದು ಅವಳು ತೋರಿಸುತ್ತಾಳೆ. ಮನೆಗೆ ಒಯ್ಯುವ ಮುಂಚೆ ಸೀರೆಯ ಬಿಲ್ಲುಗಳನ್ನು ಮಾತ್ರ ಎತ್ತಿಟ್ಟುಬಿಡಿ.